ಪಾವಗಡದ ಬಿಸಿಲ ಬೆಳೆಗೆ ಇಳುವರಿಯ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಪಾವಗಡ ತಾಲ್ಲೂಕಿನ ಸೌರ ವಿದ್ಯುತ್ ಪಾರ್ಕಿನ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬಂದಾಗಲೆಲ್ಲ ‘ಇಲ್ಲಿ ದಿನಕ್ಕೆ 2,050 ಮೆಗಾವಾಟ್ ವಿದ್ಯುತ್ ಉತ್ಪಾದನೆಯಾಗುತ್ತದೆ’ ಎಂಬ ಸಾಲೊಂದು ಹೆಚ್ಚುಕಡಿಮೆ ತಪ್ಪದೆ ಇರುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ಈ ಸಾಲು ಓದಿದಾಗಲೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಮೆಗಾವಾಟ್ ಎಂಬುದು ‘ದಿನಕ್ಕೆ’ ಇಷ್ಟು ಎಂದು ಎಣಿಸುವ ಪದಾರ್ಥವೇ ಅಲ್ಲ. ಆದರೆ ಈ ಪತ್ರ ಬರೆಯುತ್ತಿರುವುದು ಪದಬಳಕೆಯ ತಪ್ಪನ್ನು ಎತ್ತಿ ತೋರಿಸುವುದಕ್ಕಾಗಿ ಮಾತ್ರವಲ್ಲ. ಈ ತಪ್ಪಿನ ಮರೆಯಲ್ಲಿ ಜಮೀನು ಕೊಟ್ಟ ರೈತರಿಗೂ, ಬಿಲ್ಲು ಕಟ್ಟುವ ಗ್ರಾಹಕರಿಗೂ ಗೊತ್ತಾಗಬೇಕಾದ ಒಂದು ಲೆಕ್ಕ ಕಣ್ಮರೆಯಾಗಿದೆ. ಅದನ್ನು ಬೆಳಕಿಗೆ ತರಲು ತಮ್ಮ ಪತ್ರಿಕೆಯೇ ಸುಲಭವಾದ ಒಂದು ಕೆಲಸ ಮಾಡಬಹುದು ಎಂಬುದು ನನ್ನ ಕೋರಿಕೆ.

ಇದು ನನಗೆ ಹೊಳೆದದ್ದು ಒಬ್ಬ ಕುರಿಗಾಹಿಯ ಪ್ರಶ್ನೆಯಿಂದ. ಕಳೆದ ಫೆಬ್ರವರಿಯಲ್ಲಿ ಬಂಧುಗಳ ಮನೆಗೆಂದು ನಾಗಲಮಡಿಕೆ ಹೋಬಳಿಯ ತಿರುಮಣಿಯ ಕಡೆ ಹೋಗಿದ್ದೆ. ತಂತಿಬೇಲಿಯ ಪಕ್ಕದ ಕಾಲುದಾರಿಯಲ್ಲಿ ನಾಲ್ಕಾರು ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನನ್ನನ್ನು ಗುರುತಿಸಿ ನಿಂತರು. ಬೇಲಿಯೊಳಗೆ ಕಣ್ಣು ಹಾಯುವಷ್ಟು ದೂರವೂ ನೀಲಿ ಫಲಕಗಳು. ಸಾಲಿನ ಕೊನೆಯ ಕೊಠಡಿಯಿಂದ ಇನ್ವರ್ಟರುಗಳ ಗುಂಯ್‌ಗುಡುವಿಕೆ ಕೇಳುತ್ತಿತ್ತು. ಅದನ್ನೇ ನೋಡುತ್ತ ಅವರು, ‘ಕಡಲೆಕಾಯಿ ಹಾಕಿದ್ರೆ ಎಕರೆಗೆ ಇಷ್ಟು ಮೂಟೆ ಅಂತ ಹೇಳ್ತಿದ್ವಿ ಮೇಷ್ಟ್ರೇ, ಇದು ಎಕರೆಗೆ ಎಷ್ಟಾಗ್ತೈತೆ?’ ಎಂದು ಕೇಳಿದರು. ಪಾರ್ಕಿನ ಒಟ್ಟು ಸಾಮರ್ಥ್ಯ, ಎಕರೆ, ಕಂಪನಿಗಳ ಹೆಸರು ಎಲ್ಲವೂ ನನ್ನ ನಾಲಗೆಯ ತುದಿಯಲ್ಲಿದ್ದವು. ಅವರು ಕೇಳಿದ ಇಳುವರಿಯೊಂದೇ ಇರಲಿಲ್ಲ. ಮನೆಗೆ ಬಂದು ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ ಮತ್ತು ಕೇಂದ್ರದ ಸೌರ ಶಕ್ತಿ ನಿಗಮ ಸೇರಿ 2015ರಲ್ಲಿ ಹುಟ್ಟುಹಾಕಿದ ಜಂಟಿ ಕಂಪನಿಯು ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಎಂಬ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ಎರಡು ಸಾವಿರಕ್ಕೂ ಹೆಚ್ಚು ರೈತರಿಂದ ಗುತ್ತಿಗೆಗೆ ಪಡೆಯಿತು. ಭೂಸ್ವಾಧೀನ ಮಾಡಲಿಲ್ಲ, ಪಹಣಿಯಲ್ಲಿ ರೈತರ ಹೆಸರು ಹಾಗೆಯೇ ಉಳಿಯಿತು. ದೇಶದ ಬೇರೆ ಸೌರ ಪಾರ್ಕುಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ‘ಶಕ್ತಿ ಸ್ಥಳ’ ಎಂಬ ಹೆಸರಿನಲ್ಲಿ ಇದನ್ನು ಉದ್ಘಾಟಿಸಿದಾಗ 600 ಮೆಗಾವಾಟ್ ಸಿದ್ಧವಾಗಿತ್ತು. 2019ರ ಡಿಸೆಂಬರ್ ವೇಳೆಗೆ 2,050 ಮೆಗಾವಾಟ್ ಪೂರ್ಣಗೊಂಡಿತು. ಆಗ ಜಗತ್ತಿನಲ್ಲೇ ದೊಡ್ಡದು ಎಂದು ಬರೆದರು. ಈಗ ರಾಜಸ್ಥಾನದ ಭಡ್ಲಾ ಇದಕ್ಕಿಂತ ದೊಡ್ಡದಾಗಿದೆ, ಗುಜರಾತಿನ ಖಾವಡಾದಲ್ಲಿ ಇನ್ನೂ ಹತ್ತಾರು ಪಟ್ಟು ದೊಡ್ಡದು ಏಳುತ್ತಿದೆ. ದೊಡ್ಡತನದ ಪಂದ್ಯದಲ್ಲಿ ನನಗೆ ಆಸಕ್ತಿಯಿಲ್ಲ.

ಇನ್ನು ಮೆಗಾವಾಟ್ ಮತ್ತು ಯೂನಿಟ್. ಇವೆರಡರ ವ್ಯತ್ಯಾಸವನ್ನು ಕರ್ನಾಟಕದ ಪತ್ರಿಕಾ ಓದುಗರಿಗೆ ವಿವರಿಸಲು ಪಠ್ಯಪುಸ್ತಕ ಬೇಕಿಲ್ಲ, ಕಾವೇರಿಯೇ ಸಾಕು. ನದಿಯಲ್ಲಿ ಹರಿಯುವ ನೀರನ್ನು ನಾವು ಕ್ಯೂಸೆಕ್‌ನಲ್ಲಿ ಹೇಳುತ್ತೇವೆ, ಅಣೆಕಟ್ಟೆಯಲ್ಲಿ ಸೇರಿದ ನೀರನ್ನು ಟಿಎಂಸಿಯಲ್ಲಿ ಹೇಳುತ್ತೇವೆ. ಸುಮಾರು 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದರೆ ಒಂದು ಟಿಎಂಸಿ ಆಗುತ್ತದೆ. ಬೆಳಿಗ್ಗೆ ಒಂದು ಗಂಟೆ ಹರಿದು ನಿಂತರೆ ಆಗುವುದಿಲ್ಲ. ಮೆಗಾವಾಟ್ ಎಂಬುದು ವಿದ್ಯುತ್ತಿನ ಕ್ಯೂಸೆಕ್, ಯೂನಿಟ್ ಎಂಬುದು ಅದರ ಟಿಎಂಸಿ. ಒಂದು ಮೆಗಾವಾಟ್ ಒಂದು ಗಂಟೆ ದುಡಿದರೆ ಸಾವಿರ ಯೂನಿಟ್; 2,050 ಮೆಗಾವಾಟ್ ಸಾಮರ್ಥ್ಯದ ಘಟಕ ಪೂರ್ತಿ ಬಲದಿಂದ ಒಂದು ಗಂಟೆ ದುಡಿದರೆ 20 ಲಕ್ಷ 50 ಸಾವಿರ ಯೂನಿಟ್. ಎಷ್ಟು ಗಂಟೆ ದುಡಿಯಿತು ಎಂದು ಹೇಳದೆ ಬರೀ 2,050 ಎಂದರೆ, ತೂಬಿನ ಅಗಲ ಹೇಳಿ ಕೆರೆಯ ನೀರಿನ ಲೆಕ್ಕ ಕೊಟ್ಟೆ ಎಂದಂತೆ.

ಸೂರ್ಯನ ವಿಷಯದಲ್ಲಿ ಈ ಗಂಟೆಗಳೇ ಎಲ್ಲವೂ. ಬೆಳಿಗ್ಗೆ ಆರೂವರೆಯ ಎಳೆಬಿಸಿಲಿಗೆ ಇನ್ವರ್ಟರುಗಳು ಎಚ್ಚರಗೊಳ್ಳುತ್ತವೆ, ಉತ್ಪಾದನೆ ನಿಧಾನವಾಗಿ ಏರುತ್ತ ಹೋಗಿ ನೆತ್ತಿಯ ಮೇಲೆ ಸೂರ್ಯ ಬಂದಾಗ ತುದಿ ಮುಟ್ಟುತ್ತದೆ, ಸಂಜೆಗೆ ಮತ್ತೆ ಸೊನ್ನೆ. ನೆತ್ತಿಯ ಹೊತ್ತು ಎಂದರೆ ಗಡಿಯಾರದ ಹನ್ನೆರಡು ಗಂಟೆಯಲ್ಲ ಎಂಬುದನ್ನೂ ಹೇಳಬೇಕು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಪಾವಗಡ ಅದರಿಂದ ಐದು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ, ಹಾಗಾಗಿ ಇಲ್ಲಿನ ನಡುಮಧ್ಯಾಹ್ನ ಸರಾಸರಿ ಹನ್ನೆರಡು ಇಪ್ಪತ್ತರ ಸುಮಾರಿಗೆ, ಫೆಬ್ರವರಿಯಲ್ಲಿ ಅದಕ್ಕಿಂತಲೂ ತಡವಾಗಿ ಬರುತ್ತದೆ. (ಮೇಷ್ಟರ ಚಾಳಿ, ಕ್ಷಮಿಸಿ.) ಹೀಗೆ ಏರಿಳಿಯುವ ಇಡೀ ವರ್ಷದ ಉತ್ಪಾದನೆಯನ್ನು ಕೂಡಿ ಸರಾಸರಿ ತೆಗೆದರೆ, ನಮ್ಮ ಬಯಲುಸೀಮೆಯ ಒಳ್ಳೆಯ ಘಟಕವೊಂದು ತನ್ನ ಪೂರ್ಣ ಸಾಮರ್ಥ್ಯದ ಕಾಲುಭಾಗದಷ್ಟು ದುಡಿದಂತಾಗುತ್ತದೆ, ಅಂದರೆ ದಿನಕ್ಕೆ ಆರು ಗಂಟೆ ಪೂರ್ತಿ ದುಡಿದ ಲೆಕ್ಕ. ಹಾಗೆ ಹಿಡಿದರೆ ಇಡೀ ಪಾರ್ಕಿನಿಂದ ದಿನವೊಂದಕ್ಕೆ ಸರಾಸರಿ 1 ಕೋಟಿ 23 ಲಕ್ಷ ಯೂನಿಟ್, ವರ್ಷಕ್ಕೆ ಸುಮಾರು 450 ಕೋಟಿ ಯೂನಿಟ್.

ಕುರಿಗಾಹಿಯವರ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. 13,000 ಎಕರೆಗೆ ಹಂಚಿದರೆ ಎಕರೆಯೊಂದಕ್ಕೆ ದಿನಕ್ಕೆ ಸುಮಾರು 950 ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಒಂಬತ್ತು ಮನೆಗಳ ಇಡೀ ತಿಂಗಳ ಕರೆಂಟು, ಒಂದು ಎಕರೆಯ ಒಂದು ದಿನದ ಬಿಸಿಲಿನಲ್ಲಿ! ಮಳೆ ಕೈಕೊಟ್ಟ ವರ್ಷ ಬಿತ್ತಿದ ಬೀಜವೂ ಹಿಂದಿರುಗದ ನಮ್ಮ ಕೆಂಪು ಜಾಳು ಮಣ್ಣಿನ ಹೊಲಗಳನ್ನು ಬಲ್ಲ ಯಾರಿಗಾದರೂ ಇದು ಸಣ್ಣ ಸಂಗತಿಯಲ್ಲ. ಬರಗಾಲವೇ ಕಾಯಂ ಅತಿಥಿಯಾಗಿದ್ದ ತಾಲ್ಲೂಕಿನಲ್ಲಿ ಬಿಸಿಲೇ ಬೆಳೆಯಾಯಿತು ಎಂಬುದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ನಮ್ಮ ಮನೆತನದ ನಾಲ್ಕು ಎಕರೆ ಇಪ್ಪತ್ತು ಗುಂಟೆಯೂ ಆ ಬೇಲಿಯೊಳಗಿದೆ, ಅದಕ್ಕಾಗಿ ಪಶ್ಚಾತ್ತಾಪವಿಲ್ಲ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಆದರೆ ಇದೇ ಲೆಕ್ಕ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್, ಪಾವಗಡದ ಅರ್ಧದಷ್ಟು. ಆದರೂ ನೀರಿದ್ದು, ಯಂತ್ರಗಳೆಲ್ಲ ಇಪ್ಪತ್ತನಾಲ್ಕು ಗಂಟೆಯೂ ತಿರುಗಿದ ದಿನ ಶರಾವತಿ 2 ಕೋಟಿ 48 ಲಕ್ಷ ಯೂನಿಟ್ ಕೊಡಬಲ್ಲದು, ಪಾವಗಡದ ಸರಾಸರಿ ದಿನದ ಎರಡರಷ್ಟು. ರಾಜ್ಯದ ಗರಿಷ್ಠ ಬೇಡಿಕೆ ಇತ್ತೀಚಿನ ಬೇಸಿಗೆಗಳಲ್ಲಿ 17,000 ಮೆಗಾವಾಟ್ ದಾಟಿದೆ. ಅದರೊಂದಿಗೆ 2,050ನ್ನು ಹೋಲಿಸಿದರೆ ಪಾವಗಡವೊಂದೇ ರಾಜ್ಯದ ಎಂಟನೇ ಒಂದು ಪಾಲನ್ನು ಹೊತ್ತಂತೆ ಕಾಣುತ್ತದೆ. ಬೇಸಿಗೆಯ ದಿನದ ಬಳಕೆ 30 ಕೋಟಿ ಯೂನಿಟ್ ದಾಟುತ್ತದೆ. ಅದರೊಂದಿಗೆ 1 ಕೋಟಿ 23 ಲಕ್ಷವನ್ನು ಹೋಲಿಸಿದರೆ ನೂರಕ್ಕೆ ನಾಲ್ಕು. ಎರಡು ಲೆಕ್ಕವೂ ಸುಳ್ಳಲ್ಲ. ನಡುಮಧ್ಯಾಹ್ನಕ್ಕೆ ಮೊದಲನೆಯದು ನಿಜ, ಇಡೀ ದಿನಕ್ಕೆ ಎರಡನೆಯದು ನಿಜ. ವೇದಿಕೆಯ ಮೇಲೆ ನಿಂತವರು ಸದಾ ಮೊದಲನೆಯದನ್ನೇ ಹೇಳುವುದರಿಂದ, ‘ಅಷ್ಟೊಂದು ಕರೆಂಟು ನಮ್ಮೂರಲ್ಲೇ ಹುಟ್ಟುತ್ತಿದ್ದರೂ ರಾತ್ರಿ ಎಂಟಕ್ಕೆ ನಮ್ಮ ಮನೆಯ ದೀಪ ಯಾಕೆ ಹೋಗುತ್ತದೆ’ ಎಂಬ ಸಿಟ್ಟು ಹಳ್ಳಿಗಳಲ್ಲಿ ಹುಟ್ಟಿದೆ.

ಆ ಸಿಟ್ಟಿಗೂ ಉತ್ತರ ಹೇಳುವವರಿಲ್ಲ. ಫಲಕದಿಂದ ಹೊರಟ ನೇರ ವಿದ್ಯುತ್ತು ಇನ್ವರ್ಟರಿನಲ್ಲಿ ಪರ್ಯಾಯ ವಿದ್ಯುತ್ತಾಗಿ (ಎಸಿ), ಪಾರ್ಕಿನ ಆಯಾ ಭಾಗದ, ಅಂದರೆ ಬ್ಲಾಕಿನ, ಉಪಕೇಂದ್ರದಲ್ಲಿ 220 ಕೆವಿಗೆ (ಕಿಲೋವೋಲ್ಟ್) ಏರಿ, ಪವರ್ ಗ್ರಿಡ್ ನಿಗಮದ ಕೇಂದ್ರದಲ್ಲಿ 400 ಕೆವಿ ತಂತಿಗೆ ಸೇರಿ ದೂರ ಹೊರಟುಬಿಡುತ್ತದೆ. ಅದರ ಬುಡದಲ್ಲೇ ಇರುವ ಹಳ್ಳಿಗೆ ಕರೆಂಟು ಬರುವುದು ಬೇರೆ ದಾರಿಯ 11 ಕೆವಿ ಫೀಡರಿನಿಂದ. ತುಂಗಭದ್ರೆಯ ಕಾಲುವೆ ಮನೆಯ ಮುಂದೆಯೇ ಹರಿದರೂ ನಲ್ಲಿಯ ನೀರು ಪಂಚಾಯ್ತಿ ಟ್ಯಾಂಕಿನಿಂದಲೇ ಬರುವ ಹಾಗೆ. ಜೊತೆಗೆ, ಮನೆಗಳ ದೀಪ, ಟಿವಿ, ಮಿಕ್ಸಿ ಎಲ್ಲ ಒಟ್ಟಿಗೆ ನಡೆಯುವ ಸಂಜೆ ಆರರಿಂದ ಹತ್ತರ ಹೊತ್ತಿಗೆ ಪಾವಗಡದ 13,000 ಎಕರೆಯೂ ಕತ್ತಲಲ್ಲಿರುತ್ತದೆ. ಆ ಹೊತ್ತಿನಲ್ಲಿ ರಾಜ್ಯವನ್ನು ಎತ್ತಿ ಹಿಡಿಯುವುದು ರಾಯಚೂರು ಬಳ್ಳಾರಿಗಳ ಕಲ್ಲಿದ್ದಲು, ಶರಾವತಿ ಕಾಳಿಗಳ ನೀರು, ಹೊರಗಿನ ಖರೀದಿ. ಹಗಲಿನ ಬಿಸಿಲನ್ನು ಸಂಜೆಗೆ ಉಳಿಸಲು ದೊಡ್ಡ ಬ್ಯಾಟರಿಗಳು ಬೇಕು, ಇಲ್ಲವೇ ಹಗಲು ನೀರನ್ನು ಮೇಲೆತ್ತಿ ರಾತ್ರಿ ಕೆಳಕ್ಕೆ ಬಿಡುವ ಪಂಪ್ಡ್ ಸ್ಟೋರೇಜ್ ಬೇಕು. ಎರಡನೆಯದಕ್ಕಾಗಿ ಶರಾವತಿ ಕಣಿವೆಯ ಕಾಡನ್ನು ಮುಟ್ಟಬೇಕೇ ಎಂಬ ದೊಡ್ಡ ವಿವಾದ ಬೇರೆ ನಡೆದಿದೆ. ಅದಕ್ಕೆ ಇಲ್ಲಿ ಇಳಿಯುವುದಿಲ್ಲ.

ಹಗಲಿನ ಕರೆಂಟಿಗೆ ಹಗಲಲ್ಲೇ ಕೆಲಸ ಹುಡುಕುವುದು ಎಲ್ಲಕ್ಕಿಂತ ಅಗ್ಗ. ರಾಜ್ಯದಲ್ಲಿರುವ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತು ಮೂರು ಫೇಸ್ ಕೊಡುವ ಪ್ರಯತ್ನ ನಡೆದಿರುವುದು ಇದೇ ಕಾರಣಕ್ಕೆ. ನಡುರಾತ್ರಿ ಎರಡಕ್ಕೆ ಕರೆಂಟು ಬಂತೆಂದು ಟಾರ್ಚು ಹಿಡಿದು ಹಾವು ಚೇಳುಗಳ ನಡುವೆ ಹೊಲಕ್ಕೆ ಓಡಿದ ಅಪ್ಪನನ್ನು ಕಂಡವನು ನಾನು. ಸೌರ ವಿದ್ಯುತ್ತು ರೈತನಿಗೆ ಕೊಟ್ಟ ದೊಡ್ಡ ಉಪಕಾರ ಯಾವುದೆಂದು ಕೇಳಿದರೆ ಗುತ್ತಿಗೆ ಹಣಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ.

ಇಳುವರಿ ಎಂದ ಮೇಲೆ ಋತುಮಾನವೂ ಬರಬೇಕು. ಬಿಸಿಲು ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಫಲಕಕ್ಕೆ ಬೇಕಾದ್ದು ಬೆಳಕು, ಬಿಸಿಯಲ್ಲ. ಫಲಕದ ಸಾಮರ್ಥ್ಯವನ್ನು ಕಾರ್ಖಾನೆಯಲ್ಲಿ ಅಳೆಯುವುದು 25 ಡಿಗ್ರಿ ಉಷ್ಣತೆಯಲ್ಲಿ. ಅದಕ್ಕಿಂತ ಮೇಲೇರುವ ಪ್ರತಿ ಡಿಗ್ರಿಗೂ ಸಾಮಾನ್ಯ ಸಿಲಿಕಾನ್ ಫಲಕದ ಉತ್ಪಾದನೆ ಶೇಕಡಾ 0.4ರಷ್ಟು ಕುಸಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಫಲಕದ ಮೈ 60 ಡಿಗ್ರಿ ಮುಟ್ಟಿದರೆ ಶೇಕಡಾ 14ರಷ್ಟು ಅಲ್ಲೇ ಸೋರಿಹೋಯಿತು. ಹಾಗಾಗಿ ಆಕಾಶ ತಿಳಿಯಾಗಿದ್ದು ಗಾಳಿಯಲ್ಲಿ ಇನ್ನೂ ತಂಪಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಈ ಬೆಳೆಯ ಸುಗ್ಗಿ. ಜೂನ್‌ನಿಂದ ಆಗಸ್ಟ್‌ವರೆಗೆ, ನಮ್ಮಲ್ಲಿ ಮಳೆ ಬಾರದಿದ್ದರೂ ಮೋಡಗಳಂತೂ ತಪ್ಪದೆ ಬರುತ್ತವೆ, ಇಳುವರಿ ಕುಸಿಯುತ್ತದೆ. ಅದೃಷ್ಟಕ್ಕೆ ಚಿತ್ರದುರ್ಗ, ಗದಗಗಳ ಗಾಳಿಯಂತ್ರಗಳಿಗೆ ಅದೇ ಸುಗ್ಗಿಕಾಲ.

ದೂಳು ಇನ್ನೊಂದು ಕಳೆ. ಗಾಜಿನ ಮೇಲೆ ಕೆಂಪು ದೂಳಿನ ಪದರ ಕೂತರೆ ಬೆಳಕು ಒಳಗಿಳಿಯುವುದಿಲ್ಲ. ಅದಕ್ಕೆ ಫಲಕಗಳನ್ನು ಆಗಾಗ ತೊಳೆಯಲೇಬೇಕು. ತಲೆಗೆ ಸೆರಗು ಬಿಗಿದ ಹೆಂಗಸರು ಉದ್ದ ಹಿಡಿಕೆಯ ಒರೆಸುಗೋಲು ಹಿಡಿದು, ಪೈಪಿನ ನೀರು ಹಾಯಿಸುತ್ತ, ಇನ್ನೂ ನಸುಗತ್ತಲಿರುವಾಗಲೇ ಸಾಲಿನಿಂದ ಸಾಲಿಗೆ ಸಾಗುವುದನ್ನು ನಾನು ನೋಡಿದ್ದೇನೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳು ಬಿಡಬಹುದಾದ್ದರಿಂದ ಬಿಸಿಲೇರುವ ಮೊದಲೇ ಈ ಕೆಲಸ ಮುಗಿಯಬೇಕು. ಅವರಲ್ಲಿ ಒಬ್ಬಾಕೆ ಹಿಂದೆ ನಮ್ಮ ಹೊಲದಲ್ಲೇ ಕಡಲೆಕಾಯಿ ಬಿಡಿಸಲು ಬರುತ್ತಿದ್ದವರು. ಆಗ ಬಿಡಿಸಿದ ಕಾಯಿಯ ಅಳತೆಯ ಮೇಲೆ ಕೂಲಿ. ಆಕೆಗೂ ಗೊತ್ತಾಗುತ್ತಿತ್ತು, ನಮಗೂ ಗೊತ್ತಾಗುತ್ತಿತ್ತು, ಹೊಲ ಎಷ್ಟು ಕೊಟ್ಟಿತೆಂದು. ಈಗ ದಿನಕ್ಕೆ ಎಷ್ಟು ಸಾಲು ತೊಳೆದೆನೆಂದು ಆಕೆ ಹೇಳಬಲ್ಲರು, ಆ ಸಾಲು ಎಷ್ಟು ಕೊಟ್ಟಿತೆಂದು ಹೇಳಲಾರರು. ನೀರಿಗೇ ಬರವಿರುವ ತಾಲ್ಲೂಕಿನಲ್ಲಿ ಒಣಬ್ರಷ್ಷಿನ ಯಂತ್ರಗಳು ಬರಲಿ ಎನ್ನುವವನು ನಾನು, ಆದರೆ ಹಾಗೆಂದಾಗ ಆಕೆಯ ಕೂಲಿಯ ನೆನಪೂ ಆಗುತ್ತದೆ.

ಈಗ ಹಣದ ಲೆಕ್ಕ. ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುತ್ತ, 28 ವರ್ಷ ನಡೆಯುವಂತೆ ಒಪ್ಪಂದವಾಗಿದೆ. ಆರಂಭದ ದರವನ್ನೇ ಹಿಡಿದರೆ 13,000 ಎಕರೆಗೆ ವರ್ಷಕ್ಕೆ 27 ಕೋಟಿ 30 ಲಕ್ಷ ರೂಪಾಯಿ. ಇದನ್ನು 450 ಕೋಟಿ ಯೂನಿಟ್‌ಗೆ ಭಾಗಿಸಿ ನೋಡಿ: ಯೂನಿಟ್‌ಗೆ ಆರು ಪೈಸೆ! ನಾಲ್ಕು ಬಾರಿ ಏರಿಕೆಯಾದ ಮೇಲೆ ಗುತ್ತಿಗೆ ಎಕರೆಗೆ ಸುಮಾರು 25,500 ರೂಪಾಯಿಯಾಗುತ್ತದೆ. ಆಗಲೂ ಏಳೂವರೆ ಪೈಸೆಯನ್ನು ದಾಟುವುದಿಲ್ಲ. ಪಾರ್ಕಿನ ಮೊದಲ ಟೆಂಡರುಗಳಲ್ಲಿ ವಿದ್ಯುತ್ತಿನ ದರ ಯೂನಿಟ್‌ಗೆ 4 ರೂಪಾಯಿ 80 ಪೈಸೆಯ ಆಸುಪಾಸಿನಲ್ಲಿತ್ತು, ಆಮೇಲಿನವುಗಳಲ್ಲಿ ಮೂರು ರೂಪಾಯಿಯ ಒಳಕ್ಕೆ ಇಳಿಯಿತು. ಯಾವ ದರ ಹಿಡಿದರೂ ಭೂಮಿಯ ಪಾಲು ನೂರಕ್ಕೆ ಒಂದೆರಡು ಮಾತ್ರ.

ಇದನ್ನು ಹೇಳಿದ ಕೂಡಲೇ ಕಂಪನಿಗಳು ರೈತರನ್ನು ದೋಚಿದವು ಎಂದು ಯಾರೂ ಕೂಗಬೇಕಿಲ್ಲ. ಪಾರ್ಕಿಗೆ ಒಟ್ಟು ಸುಮಾರು 14,800 ಕೋಟಿ ರೂಪಾಯಿ ಬಂಡವಾಳ ಬಿದ್ದಿದೆ ಎಂಬುದು ಆಗ ಪ್ರಕಟವಾದ ಅಂಕಿ. ಅಂದರೆ ಎಕರೆಗೆ ಒಂದು ಕೋಟಿಗೂ ಮೀರಿದ ಹಣವನ್ನು ನೆಲದ ಮೇಲೆ ನಿಲ್ಲಿಸಿದ್ದಾರೆ, ಅದಕ್ಕೆ ಬಡ್ಡಿ ಕಟ್ಟಬೇಕು, ಫಲಕಗಳು ವರ್ಷವರ್ಷವೂ ಶೇಕಡಾ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸವೆಯುತ್ತವೆ, ಒಪ್ಪಿಕೊಂಡ ದರ 25 ವರ್ಷ ಏರುವುದಿಲ್ಲ. ಮಳೆಯನ್ನೇ ನಂಬಿದ್ದ ಹೊಲಕ್ಕೆ ವರ್ಷಕ್ಕೆ 21,000 ನಿಶ್ಚಿತವಾಗಿ ಬರುವುದೆಂದಾಗ ನಾವೂ ಹಿಗ್ಗಿಯೇ ಸಹಿ ಹಾಕಿದೆವು. ಆದರೆ ಎರಡು ವರ್ಷಕ್ಕೆ ಶೇಕಡಾ 5 ಎಂದರೆ ವರ್ಷಕ್ಕೆ ಎರಡೂವರೆಗಿಂತ ಕಡಿಮೆ. ಅಕ್ಕಿ, ಬೇಳೆ, ಆಸ್ಪತ್ರೆ, ಮಕ್ಕಳ ಫೀಸು ಅದಕ್ಕಿಂತ ವೇಗವಾಗಿ ಏರುತ್ತವೆ ಎಂಬುದು ಪ್ರತಿ ಮನೆಯ ಅನುಭವ. ಒಪ್ಪಂದದ ಕೊನೆಯ ವರ್ಷ ಎಕರೆಗೆ ಸಿಗುವುದು ಸುಮಾರು 39,600 ರೂಪಾಯಿ. ಆ ಹೊತ್ತಿಗೆ ಅದರಿಂದ ಏನು ಕೊಳ್ಳಬಹುದೆಂದು ಈಗಿನ ಯುವಕರೇ ಲೆಕ್ಕ ಹಾಕಲಿ. ಭೂಮಿ ಇದ್ದವರ ಪಾಡು ಇದಾದರೆ, ಬೇಲಿ ಬಂದ ಮೇಲೆ ಕೂಲಿ ಕಳೆದುಕೊಂಡ ಭೂಹೀನರಿಗೂ, ಮೇವಿನ ಬಯಲು ಕಳೆದುಕೊಂಡು ಕುರಿ ಮಾರಿದವರಿಗೂ, ಪಹಣಿಯಿಲ್ಲದೆ ತಲೆಮಾರಿನಿಂದ ಉಳುತ್ತಿದ್ದವರಿಗೂ ಗುತ್ತಿಗೆಯ ಒಂದು ರೂಪಾಯಿಯೂ ಇಲ್ಲ.

ಪಾವಗಡದಲ್ಲಿ ಇನ್ನಷ್ಟು ಸಾವಿರ ಎಕರೆಗೆ ಪಾರ್ಕನ್ನು ವಿಸ್ತರಿಸುವ ಮಾತು ಕೇಳಿಬರುತ್ತಿರುವ ಈ ಹೊತ್ತಿನಲ್ಲಿ, ಗುತ್ತಿಗೆಯನ್ನು ಎಕರೆಯ ಬದಲು ಇಳುವರಿಗೆ ಕಟ್ಟಬಾರದೇಕೆ ಎಂಬುದು ನನ್ನ ಪ್ರಶ್ನೆ. ನಮ್ಮ ಸೀಮೆಗೆ ಇದು ಹೊಸದಲ್ಲ. ವಾರಕ್ಕೆ, ಕೋರಿಗೆ ಹೊಲ ಕೊಡುವುದು ಅಜ್ಜಂದಿರ ಕಾಲದಿಂದ ಇದ್ದದ್ದೇ: ಬೆಳೆದದ್ದರಲ್ಲಿ ಇಷ್ಟು ಪಾಲು ನೆಲದ ಒಡೆಯನಿಗೆ. ಈಗಿನಂತೆ ಒಂದು ಕನಿಷ್ಠ ಮೊತ್ತ ಖಾತ್ರಿಯಾಗಿರಲಿ, ಅದರ ಮೇಲೆ ಯೂನಿಟ್‌ಗೆ ಎರಡೋ ಮೂರೋ ಪೈಸೆ ಸೇರಲಿ. ಮೂರು ಪೈಸೆ ಸೇರಿದರೆ ಗ್ರಾಹಕನ ನೂರು ಯೂನಿಟ್ಟಿನ ಬಿಲ್ಲಿಗೆ ಬೀಳುವುದು ಹೆಚ್ಚೆಂದರೆ ಮೂರು ರೂಪಾಯಿ; ರೈತನಿಗೆ ಎಕರೆಗೆ ವರ್ಷಕ್ಕೆ ಹತ್ತು ಸಾವಿರದಷ್ಟು. ಅದರಲ್ಲೊಂದು ಪೈಸೆಯನ್ನು ಭೂಹೀನರ ಪಾಲೆಂದು ಪಂಚಾಯ್ತಿಯ ನಿಧಿಗೆ ತೆಗೆದಿಟ್ಟರೆ 450 ಕೋಟಿ ಯೂನಿಟ್ಟಿಗೆ ವರ್ಷಕ್ಕೆ ನಾಲ್ಕೂವರೆ ಕೋಟಿ ರೂಪಾಯಿ ಕೂಡುತ್ತದೆ. ಹೀಗೆ ಮಾಡಬೇಕಾದರೆ ಮೊದಲು ಇಳುವರಿ ಎಷ್ಟೆಂಬುದು ನಾಲ್ಕು ಜನರ ಮುಂದೆ ಅಳೆಯಲ್ಪಡಬೇಕು. ಕಣದಲ್ಲಿ ರಾಶಿ ಅಳೆಯುವಾಗ ಪಾಲುದಾರ ಪಕ್ಕದಲ್ಲಿ ನಿಲ್ಲದಿದ್ದರೆ ಕೋರಿಗೆ ಅರ್ಥವಿಲ್ಲ.

ಅಳತೆ ಇಲ್ಲವೆಂದಲ್ಲ, ಬೇಕಾದಷ್ಟಿದೆ. ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಎಷ್ಟು ಉತ್ಪಾದಿಸುತ್ತೇವೆಂದು ಘಟಕಗಳು ಮುಂಚಿತವಾಗಿ ತಿಳಿಸಬೇಕು, ಎಷ್ಟು ಉತ್ಪಾದಿಸಿದವೆಂದು ಮೀಟರು ದಾಖಲಿಸುತ್ತದೆ, ಹೆಚ್ಚು ತಪ್ಪಿದರೆ ದಂಡವೂ ಇದೆ. ವಿದ್ಯುತ್ತಿನ ಬೇಡಿಕೆ ಪೂರೈಕೆಯನ್ನು ಸರಿದೂಗಿಸುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರಗಳಲ್ಲಿ ರಾಜ್ಯದ ಒಟ್ಟು ಸೌರ ಉತ್ಪಾದನೆ ಕ್ಷಣಕ್ಷಣಕ್ಕೂ ಪರದೆಯ ಮೇಲೆ ಕಾಣುತ್ತದೆ. ತೊಡಕೆಂದರೆ ಇವೆಲ್ಲ ಎಂಜಿನಿಯರುಗಳಿಗಾಗಿ ಎಂಜಿನಿಯರುಗಳು ಇಂಗ್ಲಿಷಿನಲ್ಲಿ ಬರೆದ ಕೋಷ್ಟಕಗಳು, ಅದೂ ‘ಮಿಲಿಯನ್ ಯೂನಿಟ್’ ಲೆಕ್ಕದಲ್ಲಿ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ ಎಂದು ಮನಸ್ಸಿನಲ್ಲೇ ಗುಣಿಸಿಕೊಂಡು ಓದಲು ನಮ್ಮ ಹಳ್ಳಿಯ ಹಿರಿಯರಿಗೆ ವ್ಯವಧಾನವಿಲ್ಲ. ಉತ್ಪಾದನೆಯಷ್ಟೇ ಅಲ್ಲ, ಉತ್ಪಾದಿಸಬಹುದಾಗಿದ್ದನ್ನು ನಿಲ್ಲಿಸಿದ ಲೆಕ್ಕವೂ ಹೊರಬರಬೇಕು. ಮಳೆಗಾಲದಲ್ಲಿ ಗಾಳಿ ವಿದ್ಯುತ್ತು ಜೋರಾಗಿದ್ದು, ಪಂಪ್‌ಸೆಟ್‌ಗಳು ಮಲಗಿ ಬೇಡಿಕೆ ಕುಸಿದಾಗ, ಗ್ರಿಡ್ಡಿನ ಸುರಕ್ಷತೆಗಾಗಿ ಉತ್ಪಾದನೆ ತಗ್ಗಿಸಿ ಎಂಬ ಸೂಚನೆ ಸೌರ ಘಟಕಗಳಿಗೂ ಬರುವುದುಂಟು. ಬಿಸಿಲಿದ್ದೂ ಕೊಯ್ಯದೆ ಬಿಟ್ಟ ಬೆಳೆ ಎಷ್ಟು ಎಂಬುದು ತಿಳಿಯದೆ ಇನ್ನೂ ಎರಡು ಸಾವಿರ ಮೆಗಾವಾಟ್ ಫಲಕ ಹಾಕಬೇಕೇ, ಅಥವಾ ಅದೇ ದುಡ್ಡನ್ನು ಬ್ಯಾಟರಿಗೆ ಹಾಕಬೇಕೇ ಎಂದು ಯಾರು ಹೇಗೆ ತೀರ್ಮಾನಿಸುತ್ತಾರೆ?

ಇಲ್ಲಿಗೆ ನನ್ನ ಕೋರಿಕೆ ತಮ್ಮ ಬಾಗಿಲಿಗೆ ಬರುತ್ತದೆ. ಮಳೆಗಾಲ ಬಂತೆಂದರೆ ಕೆಆರ್‌ಎಸ್, ಲಿಂಗನಮಕ್ಕಿ, ತುಂಗಭದ್ರಾ, ಆಲಮಟ್ಟಿ ಎಂದು ಜಲಾಶಯಗಳ ಮಟ್ಟವನ್ನು ಕನ್ನಡ ಪತ್ರಿಕೆಗಳು ಪುಟ್ಟ ಕೋಷ್ಟಕದಲ್ಲಿ ಪ್ರತಿದಿನ ಅಚ್ಚು ಮಾಡುತ್ತವೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂಬುದು ಕಾವೇರಿಯನ್ನು ಕಣ್ಣಿಂದ ನೋಡದ ಪಾವಗಡದ ಹುಡುಗನಿಗೂ ಬಾಯಿಪಾಠ. ಟಿಎಂಸಿ, ಕ್ಯೂಸೆಕ್ ಎಂಬ ಎಂಜಿನಿಯರುಗಳ ಪದಗಳನ್ನು ಮನೆಮಾತು ಮಾಡಿದ್ದು ಯಾವ ಪಠ್ಯವೂ ಅಲ್ಲ, ಆ ಕೋಷ್ಟಕ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ ಎಂದು ಕೇಳುತ್ತಿದ್ದೇನೆ. ಪಾವಗಡ: ನಿನ್ನೆಯ ಉತ್ಪಾದನೆ ಇಷ್ಟು ಲಕ್ಷ ಯೂನಿಟ್, ನಿನ್ನೆಯ ಗರಿಷ್ಠ ಇಷ್ಟು ಗಂಟೆಗೆ ಇಷ್ಟು ಮೆಗಾವಾಟ್, ತಗ್ಗಿಸಿದ್ದು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಮಳೆಗಾಲ ಮುಗಿದು ಜಲಾಶಯಗಳ ಕೋಷ್ಟಕವನ್ನು ತಾವು ತೆಗೆದುಹಾಕುವ ಹೊತ್ತಿಗೆ ಇದರ ಸುಗ್ಗಿ ಶುರುವಾಗುವುದರಿಂದ ಜಾಗದ ತೊಂದರೆಯೂ ಇರದು.

ಪಾರ್ಕನ್ನು ನೋಡಿಕೊಳ್ಳುವ ಕಂಪನಿಗೂ ಇದೇ ಪತ್ರದ ಮೂಲಕ ಒಂದು ಮಾತು. ಎಂಟು ಬ್ಲಾಕುಗಳ ಅಂಕಿಗಳನ್ನು ಬಿಡಿಬಿಡಿಯಾಗಿ, ಕನ್ನಡದಲ್ಲಿ, ಲಕ್ಷ ಮತ್ತು ಕೋಟಿಗಳಲ್ಲಿ ಬರೆದು ತಿರುಮಣಿಯ ವೃತ್ತದಲ್ಲಿ ಒಂದು ಕಪ್ಪು ಹಲಗೆಗೆ ದಿನವೂ ಏರಿಸಬಹುದು. ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಎಷ್ಟು ಲೀಟರ್, ಫ್ಯಾಟ್ ಎಷ್ಟು ಎಂದು ಬರೆಯುತ್ತಾರಲ್ಲ, ಹಾಗೆ. ವಿದ್ಯುತ್ ಪರದೆ, ಉದ್ಘಾಟನೆ ಯಾವುದೂ ಬೇಡ; ಸೀಮೆಸುಣ್ಣ ಸಾಕು.

ಕುರಿಗಾಹಿ ಹಿರಿಯರಿಗೆ ‘ಎಕರೆಗೆ ದಿನಕ್ಕೆ ಒಂಬೈನೂರೈವತ್ತು’ ಎಂದು ಹೋಗಿ ಹೇಳಿ ಬಂದಿದ್ದೇನೆ. ಅವರು ಕೇಳಿದ್ದು ಒಂದೇ: ‘ನಿನ್ನೆ ಮೋಡ ಇತ್ತಲ್ಲ ಮೇಷ್ಟ್ರೇ, ನಿನ್ನೆ ಎಷ್ಟಾಯ್ತು?’

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ